ಶುಕ್ರವಾರ ಒಂದೂವರೆಯ ಸಹಿ

ಲಿಂಗರಾಜಪುರ
ಮಂಗಳವಾರ

ಸುದರ್ಶನ್ ಸರ್ ಅವರಿಗೆ,

ಮೇಲ್ ಮಾಡದೆ ಕಾಗದದಲ್ಲಿ ಬರೆಯುತ್ತಿದ್ದೇನೆ. ಮೇಲನ್ನು ಯಾರ್‍ಯಾರು ಓದುತ್ತಾರೋ ಗೊತ್ತಿಲ್ಲ.

ನಮ್ಮ ಕಂಪನಿಯ ಡೋರ್‌ಬೆಲ್‌ನಲ್ಲಿರುವ ಮೈಕನ್ನು ಯಾವ ಪ್ರೋಗ್ರಾಂ ಯಾವಾಗ ತೆರೆಯಬಹುದು ಎಂದು ನಿರ್ಧರಿಸುವ ಒಳಗಿನ ಕೋಡ್‌ನ, ಅಂದರೆ ಕರ್ನಲ್ ಇಂಟರ್‌ಫೇಸ್‌ನ, ವಿನ್ಯಾಸ ನನ್ನದು. ಗುಂಡಿ ಒತ್ತಿದಾಗ ಮಾತ್ರ ಮೈಕ್ ತೆರೆಯಬೇಕು, ತೆರೆದಾಗ ಕೆಂಪು ದೀಪ ಉರಿಯಲೇಬೇಕು ಎಂದು ಹಟ ಹಿಡಿದಿದ್ದೆ. ನೀವೂ "ಸರಿ ಫಹೀಮ್, ಹಾಗೇ ಮಾಡಿ" ಅಂದಿದ್ದಿರಿ.

ನಿನ್ನೆ ಸಂಜೆ ನೋಡಿದರೆ ಕೋಡ್‌ನಲ್ಲಿ ಆ ಎರಡು ಷರತ್ತೂ ಇಲ್ಲ. ಅವನ್ನು ತೆಗೆದುಹಾಕಿದ ತಿದ್ದುಪಡಿಯ (ಪ್ಯಾಚ್‌ನ) ಕೊನೆಗೆ, ಜವಾಬ್ದಾರಿ ಹೊತ್ತವರು ಹೆಸರು ಹಾಕುವ ಸಾಲಿನಲ್ಲಿ, ನನ್ನ ಹೆಸರಿದೆ. ಸಮಯ ಶುಕ್ರವಾರ ಮಧ್ಯಾಹ್ನ ಒಂದೂವರೆ. ಆ ಹೊತ್ತಿಗೆ ನಾನು ಶಿವಾಜಿನಗರದ ಮಸೀದಿಯಲ್ಲಿ ನಮಾಜಿಗೆ ನಿಂತಿರುತ್ತೇನೆ. ಪ್ರತಿ ವಾರ ಅದಕ್ಕೆ ಅನುಮತಿ ಕೊಡುವವರು ನೀವೇ. ನಡೆಯುತ್ತಿದ್ದ ಟೆಸ್ಟ್ ನಿಲ್ಲದಿರಲೆಂದು ಆಫೀಸಿನಲ್ಲಿ ಲ್ಯಾಪ್‌ಟಾಪ್ ಲಾಕ್ ಮಾಡದೆ ಹೋಗಿದ್ದು ನನ್ನ ತಪ್ಪು.

ನಾನು ಯಾರ ಕಡೆಗೂ ಬೆರಳು ತೋರಿಸುತ್ತಿಲ್ಲ. ಆ ಸಾಲಿನಿಂದ ನನ್ನ ಹೆಸರು ತೆಗೆಸಿ, ಮಾಡಿದವರ ಹೆಸರು ಹಾಕಿಸಿ.

ಇನ್ನೊಂದು ವಿಷಯ. ರಂಜಾನ್‌ಗೆ ನೀವು ಉಡುಗೊರೆ ಕೊಟ್ಟ ನಮ್ಮ ಕಂಪನಿಯ ಡೋರ್‌ಬೆಲ್ಲನ್ನು ಮನೆಯ ಬಾಗಿಲಿಂದ ಬಿಚ್ಚಿ ಈ ಪತ್ರದ ಜೊತೆ ವಾಪಸ್ ಕಳಿಸಿದ್ದೇನೆ. ಶನಿವಾರ ಅದಕ್ಕೂ ಹೊಸ ಅಪ್‌ಡೇಟ್ ಬಂದಿತ್ತು. ಭಾನುವಾರ ಅಮ್ಮಿ ನಮ್ಮ ಬಾಗಿಲಲ್ಲಿ ನಿಂತು ಪಕ್ಕದ ಮನೆಯವರ ಹತ್ತಿರ ಮಂಡಿನೋವಿನ ಕಥೆ ಹೇಳಿಕೊಂಡಿದ್ದರು. ನಿನ್ನೆ ಬೆಳಿಗ್ಗೆ ನೀವು "ನಿಮ್ಮ ತಾಯಿ ಮಂಡಿನೋವು ಈಗ ಹೇಗಿದೆ ರೀ?" ಅಂತ ಕೇಳಿದಿರಿ.

ಆಫೀಸಿನಲ್ಲಿ ನಾನದನ್ನು ಯಾರಿಗೂ ಹೇಳಿರಲಿಲ್ಲ.

ಇತಿ,
ಈ ಸಲ ತಾನೇ ಸಹಿ ಹಾಕಿದ,
ಫಹೀಮ್