ಹಸುವಿಗೆ ನಾಲ್ಕನೆಯ ಕಾಲು ಮಂಜೂರು ಮಾಡಿ

ಒಂದನೇ ತರಗತಿಯ ಪುಸ್ತಕಕ್ಕೆ ಚಿತ್ರ ಆರಿಸುವ ಮಾನ್ಯ ಅಧಿಕಾರಿಗಳೇ,

ಹಸುವಿಗೆ ಕಾಲು ನಾಲ್ಕು. ಇದನ್ನು ಸರ್ಕಾರದ ಒಬ್ಬ ಹಿರಿಯ ಅಧಿಕಾರಿಗೆ ಪತ್ರಿಕೆಯ ಮೂಲಕ ತಿಳಿಸಬೇಕಾದ ದಿನ ಬರುತ್ತದೆಂದು, ಹದಿನೇಳು ವರ್ಷ ಒಂದನೇ ತರಗತಿಗೆ ಪಾಠ ಹೇಳಿದ ನಾನು ಎಣಿಸಿರಲಿಲ್ಲ. ಈ ವರ್ಷ ತಾವು ಕಳಿಸಿದ ಹೊಸ ಪುಸ್ತಕದಲ್ಲಿ ‘ಹ’ ಅಕ್ಷರದ ಪಕ್ಕ ನೇರಳೆ ಬಣ್ಣದ ಒಂದು ತ್ರಿಕೋನವಿದೆ. ಮೇಲೊಂದು ಕೊಕ್ಕೆ, ಕೆಳಗೆ ಮೂರು ಗೀಟು, ನಡುವೆ ಒಂದೇ ಒಂದು ಕಣ್ಣು. ಅದು ಹಸು ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಸುತ್ತೋಲೆ ಇಲ್ಲದಿದ್ದರೆ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹಳೆಯ ಪುಸ್ತಕದಲ್ಲಿಯೂ ಹಸುವಿತ್ತು. ಬಾಪೂಜಿ ನಗರದ ಮುನಿವೆಂಕಟಪ್ಪನವರು ಬರೆದದ್ದು. ಅವರ ತಂದೆ ದೇವಸ್ಥಾನಗಳ ಗೋಡೆಗೆ ಚಿತ್ರ ಬರೆಯುತ್ತಿದ್ದವರು. ಮಗ ಅದೇ ಕೈಯನ್ನು ಮಕ್ಕಳ ಪುಸ್ತಕಕ್ಕೆ ತಂದರು. ಸಣ್ಣ ಕುಂಚದ ಗೆರೆ, ಕಾಡಿಗೆ ತೀಡಿದಂಥ ಕಣ್ಣು, ಕೊರಳಿಗೆ ಗಂಟೆ, ತಾಯಿಯ ಕಡೆ ತಿರುಗಿದ ಕರು, ಸುತ್ತಲೂ ಬಳ್ಳಿಯ ಅಂಚು. ನನ್ನ ಮಕ್ಕಳು ಆ ಹಸುವಿಗೆ ಬಳಪದ ಚೂರು ತಿನ್ನಿಸಲು ನೋಡುತ್ತಿದ್ದರು. ಇಂಥ ಚಿತ್ರಗಳು ‘ಮಗುವಿನ ಕಲ್ಪನಾಶಕ್ತಿಯನ್ನು ಕುಂಠಿತಗೊಳಿಸುತ್ತವೆ’ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಹೊರದೇಶಗಳಲ್ಲಿ ಈಗ ಹಸುವನ್ನು ಹೀಗೆ ಬರೆಯುತ್ತಾರಂತೆ. ಇರಬಹುದು. ಅಲ್ಲಿಯ ಹಸುಗಳನ್ನು ನಾನು ನೋಡಿಲ್ಲ.

ಕಳೆದ ತಿಂಗಳು ಇನ್ಸ್‌ಪೆಕ್ಟರು ನಮ್ಮ ಶಾಲೆಗೆ ಎರಡು ದಿನದ ತಪಾಸಣೆಗೆ ಬಂದರು. ಮೊದಲನೆಯ ದಿನ ಎರಡನೇ ಸಾಲಿನಲ್ಲಿದ್ದ ಪಟಾಲಮ್ಮನನ್ನು ಎಬ್ಬಿಸಿ ನಿಲ್ಲಿಸಿ, ಆ ತ್ರಿಕೋನದ ಮೇಲೆ ಬೆರಳಿಟ್ಟರು.

“ಏನಮ್ಮಾ ಇದು?”

ಆರು ವರ್ಷದ ಹುಡುಗಿ. ಒಂದು ಸಲ ಪುಸ್ತಕ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು.

“ಇಸ್ತ್ರಿ ಪೆಟ್ಟಿಗೆ ಸಾರ್.”

“ಸರಿಯಾಗಿ ನೋಡು. ಹಾಲು ಕೊಡತ್ತೆ.”

“ಇಸ್ತ್ರಿ ಪೆಟ್ಟಿಗೆ ಹಾಲು ಕೊಡಲ್ಲ ಸಾರ್,” ಎಂದಳು ಪಟಾಲಮ್ಮ, ಪಾಪ, ಅವರಿಗೆ ಗೊತ್ತಿಲ್ಲವೇನೋ ಎಂಬ ಮರುಕದಿಂದ.

ಇನ್ಸ್‌ಪೆಕ್ಟರು ಅವಳ ಪ್ರಗತಿ ಪುಸ್ತಕ ತರಿಸಿ, ಗಟ್ಟಿಯಾಗಿ ಓದಿಕೊಳ್ಳುತ್ತ ಕೆಂಪು ಶಾಯಿಯಲ್ಲಿ ಬರೆದರು: ‘ಈ ಮಗುವಿಗೆ ಹಸುವಿನ ಪರಿಚಯವಿಲ್ಲ. ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಉಳಿಸಿಕೊಳ್ಳುವುದು.’

ಮಾನ್ಯರೇ, ಪಟಾಲಮ್ಮನ ಅಜ್ಜಿ ಮುನಿತಾಯಮ್ಮನವರು ಹೆಗ್ಗನಹಳ್ಳಿಯಲ್ಲಿ ಹಾಲು ಮಾರಿಯೇ ಮೂವರು ಮಕ್ಕಳ ಮದುವೆ ಮಾಡಿದವರು. ಈ ಹುಡುಗಿ ದಿನಾ ಬೆಳಿಗ್ಗೆ ಹಾಲು ಕರೆಯುವಾಗ ಕರು ಹಿಡಿದು ನಿಂತು, ಆಮೇಲೆ ಶಾಲೆಗೆ ಬರುವವಳು. ಅವಳ ಲಂಗದ ಮೇಲಿನ ಸಗಣಿಯ ಕಲೆಗಾಗಿ ನಾನೇ ಎಷ್ಟೋ ಸಲ ಗದರಿದ್ದೇನೆ. ಹಸುವಿನ ಪರಿಚಯವಿಲ್ಲವೆಂದು ಬರೆಸಿಕೊಳ್ಳಲು ಇಡೀ ತರಗತಿಯಲ್ಲಿ ಇವಳೇ ಆಗಬೇಕಿತ್ತೇ? ಸಂಜೆ ಗಂಟೆ ಹೊಡೆದ ಮೇಲೂ ಅವಳು ಎದ್ದು ಹೋಗಲಿಲ್ಲ. “ಮಿಸ್, ನಾನು ದಡ್ಡೀನಾ?” ಎಂದು ಕೇಳಿದಳು. ಅಲ್ಲ ಎಂದೆ. “ಮತ್ತೆ ಅವ್ರ್ಯಾಕೆ ಕೆಂಪಿಂಕಲ್ಲಿ ಬರೆದ್ರು?” ಎಂದಳು. ಸುತ್ತೋಲೆಯಲ್ಲಿ ಹುಡುಕಿದೆ. ಅದಕ್ಕೆ ಉತ್ತರ ಅಲ್ಲಿರಲಿಲ್ಲ.

ಮರುದಿನ ಹಾಜರಿ ಕರೆದಾಗ ಪಟಾಲಮ್ಮ ಇರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಬಂದಳು. ಜೊತೆಯಲ್ಲಿ ಅಜ್ಜಿ ಬಂದರು. ಅಜ್ಜಿಯ ಜೊತೆ ಹಸು ಬಂತು.

“ಎಲ್ಲವ್ರೆ ಮೇಡಮ್ಮೋರೇ ಆ ಸಾಹೇಬ್ರು?” ಎನ್ನುತ್ತ ಮುನಿತಾಯಮ್ಮನವರು ಹಸುವನ್ನು ಶಾಲೆಯ ಜಗಲಿಗೇ ಹತ್ತಿಸಿದರು. “ನನ್ ಮೊಮ್ಮಗಳಿಗೆ ಹಸ ಗೊತ್ತಿಲ್ಲ ಅಂತ ಬರ್ದವ್ರಂತೆ. ಕೇಳ್ಲಿ, ಅದೇನ್ ಕೇಳ್ತಾರೋ ಈಗ ಕೇಳ್ಲಿ!”

ಇನ್ಸ್‌ಪೆಕ್ಟರು ಒಳಗೆ ವರದಿ ಬರೆಯುತ್ತಿದ್ದವರು ಹೊರಗೆ ಬಂದು, ತಮ್ಮ ಘನತೆಗೆ ಕುಂದು ಬಾರದಷ್ಟು ದೂರದಲ್ಲಿ ನಿಂತರು. ಹಸು ಕತ್ತು ತಿರುಗಿಸಿ ಅವರನ್ನು ನೋಡಿತು. ಪಟಾಲಮ್ಮ ಒಂದೇ ಉಸಿರಿಗೆ ಶುರು ಮಾಡಿದಳು. ಇದರ ಹೆಸರು ಗೌರಿ. ಇದು ಮೂರನೇ ಸೂಲು. ಎಡಗಡೆ ಹಿಂದಿನ ಮೊಲೆಯಲ್ಲಿ ಹಾಲು ಕಮ್ಮಿ. ಅಪರಿಚಿತರು ಹಿಂದಿನಿಂದ ಬಂದರೆ ಒದೆಯುತ್ತದೆ. ಕೊನೆಯ ಮಾತನ್ನು ಕೇಳಿ ಇನ್ಸ್‌ಪೆಕ್ಟರು ಹಸುವಿನ ಮುಂದಕ್ಕೆ ಬಂದರು.

ಮುನಿತಾಯಮ್ಮನವರು ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಅವರ ಮುಂದೆ ಹಿಡಿದರು. “ಇದೇನಾ ಸಾಮಿ ನಿಮ್ಮ ಹಸ? ಕೆಚ್ಚಲು ಎಲ್ಲೈತೆ, ತೋರ್ಸಿ.”

ಇನ್ಸ್‌ಪೆಕ್ಟರು ತ್ರಿಕೋನದ ಒಂದು ಮೂಲೆ ತೋರಿಸಿದರು. ಆಮೇಲೆ ಇನ್ನೊಂದು ಮೂಲೆ ತೋರಿಸಿದರು. ಕನ್ನಡಕ ಒರೆಸಿಕೊಂಡು, ಪುಸ್ತಕವನ್ನು ತಲೆಕೆಳಗು ಮಾಡಿ, “ಇದು ಕೊಂಬು ಇರಬೇಕು” ಎಂದರು.

“ಅಷ್ಟೇ ಸಾಮಿ,” ಎಂದರು ಮುನಿತಾಯಮ್ಮ, ಬಹಳ ಮೆತ್ತಗೆ. “ನಿಮ್ಗೇ ತಿಳೀಲಿಲ್ಲ. ಕೂಸಿಗೆ ಎಂಗೆ ತಿಳೀತದೆ?”

ಈ ನಡುವೆ ಗೌರಿ ಕತ್ತು ಚಾಚಿ ಆ ತ್ರಿಕೋನವಿದ್ದ ನಲವತ್ತೊಂದನೆಯ ಪುಟವನ್ನು ತಿಂದಿತು. ಇದನ್ನು ಕಲಾವಿಮರ್ಶೆ ಎಂದು ನಾನು ವಾದಿಸುವುದಿಲ್ಲ. ಅದು ಮುಂದುವರಿದು ಇನ್ಸ್‌ಪೆಕ್ಟರ ಕಂಕುಳಲ್ಲಿದ್ದ ತಪಾಸಣಾ ವರದಿಯ ಮೊದಲ ಹಾಳೆಗೂ ಬಾಯಿ ಹಾಕಿತು. ಆದರೆ ಇನ್ಸ್‌ಪೆಕ್ಟರು ನ್ಯಾಯವಂತರು. ಪ್ರಗತಿ ಪುಸ್ತಕ ತರಿಸಿ, ಹಿಂದಿನ ದಿನದ ಷರಾ ಹೊಡೆದುಹಾಕಿ, ‘ಹಸುವಿನ ಜ್ಞಾನ ಅತ್ಯುತ್ತಮ’ ಎಂದು ಬರೆದು ರುಜು ಮಾಡಿದರು. ಪಟಾಲಮ್ಮ ಆ ಸಾಲನ್ನು ಓದಲಾರಳು. ಆದರೂ ಮೂರು ದಿನ ಆ ಪುಸ್ತಕವನ್ನು ಬಿಡಿಸಿಯೇ ಹಿಡಿದುಕೊಂಡು ಓಡಾಡಿದಳು.

ಆ ಭಾನುವಾರ ನಾನು ಬಸ್ ಹತ್ತಿ ಬಾಪೂಜಿ ನಗರಕ್ಕೆ ಹೋದೆ. ಮುನಿವೆಂಕಟಪ್ಪನವರು ಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದು ಟೆಂಪೋದ ಹಿಂಭಾಗಕ್ಕೆ ಕಮಲ ಬರೆಯುತ್ತಿದ್ದರು. ತಾವು ಪುಸ್ತಕದ ಕೆಲಸ ಕೊಡುವುದನ್ನು ನಿಲ್ಲಿಸಿದ ಮೇಲೆ ಅವರಿಗೆ ಉಳಿದಿರುವುದು ಟೆಂಪೋಗಳು. ಬೇರೊಬ್ಬ ಮಗುವಿನ ಪುಸ್ತಕ ತೆಗೆದು ತೋರಿಸಿದೆ. ಕುಂಚ ಒರೆಸಿಟ್ಟು, ಕೈಗೆ ತೆಗೆದುಕೊಂಡು ನೋಡಿದರು.

“ಬಣ್ಣ ಚೆನ್ನಾಗೈತೆ ಮೇಡಂ,” ಎಂದರು. ದೊಡ್ಡ ಮನುಷ್ಯರು, ಬೇರೆಯವರ ಕೆಲಸವನ್ನು ಹಳಿಯುವವರಲ್ಲ. ಆಮೇಲೆ ಹಾಳೆ ಮಗುಚಿ ನೋಡಿ ಕೇಳಿದರು: “ಕಾಲು ಮೂರೇ ಅವೆ. ನಾಲ್ಕನೇದು ಮುಂದಿನ ಪುಟದಾಗೆ ಐತಾ?”

ನಾನು ನಕ್ಕೆ. ಅವರು ನಗಲಿಲ್ಲ. “ತಪ್ಪು ತಿಳೀಬೇಡಿ. ನಿಜವಾಗ್ಲೂ ಕೇಳಿದೆ. ನನ್ ಚಿತ್ರದಾಗೆ ಏನ್ ದೋಷ ಅಂತ ಆಫೀಸಿನಾಗೆ ಯಾರೂ ಹೇಳ್ಲಿಲ್ಲ. ಹಳೇದು ಅಂದ್ರು, ಅಷ್ಟೇ.”

ಹೊಸ ಚಿತ್ರಗಳ ಮೇಲೆ ನನಗೆ ಹಗೆಯಿಲ್ಲ, ಮಾನ್ಯರೇ. ದೊಡ್ಡವರ ಪ್ರದರ್ಶನಗಳಲ್ಲಿ ಅವುಗಳನ್ನು ತೂಗುಹಾಕಿ. ರಜೆ ಸಿಕ್ಕರೆ ನಾನೂ ಬಂದು ಗದ್ದಕ್ಕೆ ಕೈಯಿಟ್ಟು ನಿಂತು ನೋಡುತ್ತೇನೆ. ಆದರೆ ಅಕ್ಷರ ಬಾರದ ಮಗುವಿಗೆ ಚಿತ್ರವನ್ನು ಕೊಡುವುದೇ ಅಕ್ಷರ ತಿಳಿಯಲಿ ಎಂದು. ಹಸು ಕಂಡರೆ ‘ಹ’ ಬರುತ್ತದೆ. ತಮ್ಮ ಪುಸ್ತಕದಲ್ಲಿ ‘ಹ’ ಓದಿದರಷ್ಟೇ ಅದು ಹಸು. ‘ಹ’ ಓದಲು ಬರುವ ಮಗು ಒಂದನೇ ತರಗತಿಗೆ ಯಾಕೆ ಬರುತ್ತದೆ? ಇನ್ನು ಕಲ್ಪನಾಶಕ್ತಿಯ ಮಾತು. ಮುನಿವೆಂಕಟಪ್ಪನವರ ಹಸುವಿನ ಕಾಲ ಬಳಿ ಎರಡೇ ಹೂವಿದ್ದವು. ಅವನ್ನು ಹಸು ತಿನ್ನುತ್ತದೋ, ಕರುವಿಗೆ ಬಿಡುತ್ತದೋ ಎಂದು ನನ್ನ ಮಕ್ಕಳು ಒಂದು ಇಡೀ ಪೀರಿಯಡ್ ಜಗಳವಾಡಿದ್ದಾರೆ. ತ್ರಿಕೋನದ ಬಗ್ಗೆ ಈವರೆಗೆ ಯಾರೂ ಜಗಳವಾಡಿಲ್ಲ.

ಮುನಿವೆಂಕಟಪ್ಪನವರು ಈಗ ಭಾನುವಾರಗಳಂದು ಬಂದು ನಮ್ಮ ತರಗತಿಯ ಗೋಡೆಗೆ ಅಕ್ಷರಮಾಲೆ ಬರೆಯುತ್ತಿದ್ದಾರೆ. ಕೂಲಿ ಕೊಡುತ್ತೇನೆಂದರೆ ಸಿಟ್ಟಾಗುತ್ತಾರೆ. ಮಧ್ಯಾಹ್ನ ಮುನಿತಾಯಮ್ಮ ತರುವ ಮಜ್ಜಿಗೆ ಮಾತ್ರ ಕುಡಿಯುತ್ತಾರೆ. ರಜೆಯ ದಿನ ಮಕ್ಕಳು ಶಾಲೆಗೆ ಓಡಿಬರುವುದನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿದ್ದು ಇದೇ ಮೊದಲು. ಇದು ತಮ್ಮ ಕಿವಿಗೆ ಬಿದ್ದಿದೆ. ಗೋಡೆಗೆ ಸುಣ್ಣ ಬಳಿಯಬೇಕೆಂದೂ, ‘ಯಾವ ನಿಯಮದಡಿ ಶಾಲೆಯ ಆವರಣಕ್ಕೆ ಪ್ರಾಣಿಯನ್ನು ಪ್ರವೇಶಿಸಲು ಬಿಡಲಾಯಿತು’ ಎಂದು ಏಳು ದಿನಗಳೊಳಗೆ ವಿವರಣೆ ಕೊಡಬೇಕೆಂದೂ ತಮ್ಮಿಂದ ಜ್ಞಾಪನ ಬಂದಿದೆ.

ಇದೇ ನನ್ನ ವಿವರಣೆ. ಬೇಡಿಕೆಗಳನ್ನೂ ಹೇಳಿಬಿಡುತ್ತೇನೆ. ಸುಣ್ಣದ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮುಂದಿನ ಮುದ್ರಣಕ್ಕೆ ಮುನಿವೆಂಕಟಪ್ಪನವರ ಚಿತ್ರಗಳನ್ನು ಮತ್ತೆ ಹಾಕಿಸಿ. ಅಥವಾ ಅವುಗಳಲ್ಲಿ ದೋಷವೇನೆಂದು ಬಂದು ಅವರ ಮುಂದೆ ಕೂತು ಹೇಳಿ.

ಹೊಸ ಕಲಾವಿದರಿಗೆ ಅನ್ಯಾಯವಾಗಬಾರದು ಎನ್ನುವುದಾದರೆ, ಅದಕ್ಕೂ ದಾರಿಯಿದೆ. ಗೋಡೆಯ ಮೇಲೆ ಕ, ಖ, ಗ, ಘ ಆಗಿ ಕಳೆದ ಭಾನುವಾರ ಕೆಲಸ ‘ಙ’ಗೆ ಬಂದು ನಿಂತಿತು. ಮುನಿವೆಂಕಟಪ್ಪನವರು ಕುಂಚ ಕೆಳಗಿಟ್ಟು, “ಇದಕ್ಕೆ ನಮ್ಮಪ್ಪನ ಕಾಲದಿಂದ್ಲೂ ಏನೂ ಸಿಕ್ಕಿಲ್ಲ ಮೇಡಂ” ಎಂದರು. ಆ ಚೌಕವನ್ನು ಖಾಲಿ ಬಿಟ್ಟಿದ್ದೇವೆ. ತಮ್ಮ ಕಲಾವಿದರನ್ನು ಒಂದು ಭಾನುವಾರ ಕಳಿಸಿಕೊಡಿ. ಮನಸ್ಸಿಗೆ ಬಂದದ್ದನ್ನು ಬರೆಯಲಿ. ಅದು ತಪ್ಪು ಎನ್ನುವ ಮಗು ಈ ರಾಜ್ಯದಲ್ಲೇ ಇಲ್ಲ.

ಇಂತಿ,
ಉತ್ತರಿಸಲು ಉಳಿದಿದ್ದ ಎರಡು ದಿನಗಳಲ್ಲಿ ಒಂದನ್ನು ಇದಕ್ಕೇ ಕಳೆದ
ಗಿರಿಜಾದೇವಿ
ಒಂದನೇ ತರಗತಿಯ ಶಿಕ್ಷಕಿ (ಸದ್ಯಕ್ಕೆ), ಹೆಗ್ಗನಹಳ್ಳಿ