ಬಟ್ಟಲು ಅಲ್ಲಾಡಿಸಬೇಕಿತ್ತಂತೆ

ಮಸ್ಕತ್, ನವೆಂಬರ್ 12, ಬುಧವಾರ

ಗ್ರೇಸಿಚೇಚಿಯನ್ನು ನಾನು ಸುಮ್ಮನೆ ಬಿಡುವುದಿಲ್ಲ. ಬಿಡುವುದೇ ಇಲ್ಲ!

ಮದುವೆಯಾದ ಮೇಲೆ ಜೆರಿನ್‌ನ ಬಾಸ್ ಮನೆಗೆ ಇವತ್ತೇ ಮೊದಲ ಸಲ ಹೋದದ್ದು. ಅಲ್ಲಿನ ರೀತಿ ಗೊತ್ತಿಲ್ಲವೆಂದು ಪಕ್ಕದ ಫ್ಲ್ಯಾಟಿನ ಈ ಮಲಯಾಳಿ ಅಕ್ಕನನ್ನು, ಚೇಚಿಯನ್ನು, ಕೇಳಿದ್ದೆ. "ಕಾವಾ ಬೇಡ ಅನ್ನಬಾರದು ಮೋಳೇ. ಖಾಲಿಯಾದ ಕೂಡಲೇ ಬಟ್ಟಲು ಚಾಚು, ಸಾಕಾದಾಗ ಅವರೇ ನಿಲ್ಲಿಸ್ತಾರೆ," ಅಂದಿದ್ದಳು. ಚಾಚಿದೆ. ಏಲಕ್ಕಿ ಹಾಕಿದ ಆ ಕಹಿ ಕಾಫಿಯನ್ನು ಕುಡಿದೆ, ಚಾಚಿದೆ, ಮತ್ತೆ ಕುಡಿದೆ. ಬಾಸ್‌ನ ತಾಯಿ ಷಮ್ಸಾ ಸುರಿಯುತ್ತಲೇ ಇದ್ದರು. ಜೊತೆಗೆ ಬಂದಿದ್ದ ಚೇಚಿ ಎಲ್ಲರೆದುರು ಕಿಸಕ್ಕನೆ ನಕ್ಕಳು: "ಏನೋ ಜೆರಿನ್, ನಿನ್ನ ಹೆಂಡ್ತಿ ತವರಲ್ಲಿ ಕಾಫೀನೇ ಕಂಡಿಲ್ವಾ?" ಜೆರಿನ್ ತಲೆ ತಗ್ಗಿಸಿದ. ನನ್ನ ಮುದ್ದು ಜೆರಿನ್!

ಷಮ್ಸಾ ಮಾತ್ರ ನಗಲಿಲ್ಲ. ಒಳಗೆ ಕರೆದೊಯ್ದು, "ಸಾಕು ಅನ್ನೋಕೆ ಬಟ್ಟಲು ಹೀಗೆ ಅಲ್ಲಾಡಿಸ್ಬೇಕು ಮಗಳೇ. ಇಲ್ದಿದ್ರೆ ನಾನು ಬೆಳಗಿನವರೆಗೂ ಸುರೀತೀನಿ," ಎಂದರು. ಇನ್ನೊಂದನ್ನೂ ಹೇಳಿಕೊಟ್ಟರು: ಅತಿಥಿಗಳ ಮುಂದೆ ಲೋಬಾನದ ಹೊಗೆ ಹಿಡಿದರೆ ಉಪಚಾರ ಮುಗಿಯಿತು, ಇನ್ನು ಹೊರಡಬಹುದು ಎಂದರ್ಥ.

ಇಲ್ಲೇ ತಲೆ ನರೆತ ಚೇಚಿಗೆ ಇದೆಲ್ಲ ಬಾಯಿಪಾಠ. ಅದಕ್ಕೇ ಈಗಷ್ಟೇ ಫೋನ್ ಮಾಡಿ, ಜೇನಿನಂಥ ದನಿಯಲ್ಲಿ, ಶುಕ್ರವಾರದ ಊಟಕ್ಕೆ ಕರೆದೆ. ಬಿಲ್ಡಿಂಗಿನ ಹೆಂಗಸರನ್ನೆಲ್ಲ ಕರೆದಿದ್ದೇನೆ.

"ಹೊಟ್ಟೆ ಖಾಲಿ ಇಟ್ಕೊಂಡೇ ಬರ್ತೀನಿ ಮೋಳೇ," ಅಂದಳು.

ಬರಲಿ. ಸೋಫಾದಲ್ಲಿ ಕುಳಿತ ಕೂಡಲೇ, ಮೀನು ಸಾರು ಇನ್ನೂ ಒಲೆಯ ಮೇಲೆ ಕುದಿಯುತ್ತಿರುವಾಗಲೇ, ಎಲ್ಲರೆದುರು ಅವಳ ಮೂಗಿನ ಕೆಳಗೆ ಲೋಬಾನ ಹಿಡಿಯುತ್ತೇನೆ. ನಗುನಗುತ್ತಾ. ಆಗ ಅವಳ ಮುಖ...