ನೆಗ್ಗಿದ ಬಾಗಿಲಿನ ಬೆಲೆ

ಮಂಗಳವಾರ, ಸಂಜೆ

ಪ್ರಿಯ ಡ್ರೈವರಮ್ಮ,

ಈ ಹೆಸರು ನಿನಗೆ ಹಿಡಿಸುವುದಿಲ್ಲ, ಗೊತ್ತು. ಬೇರೆ ಹೆಸರಿನಿಂದ ಕರೆಯುವ ಅಭ್ಯಾಸ ನನಗೆ ತಪ್ಪಿಹೋಗಿದೆ. ಕತ್ತಿನ ನೋವು ಕಡಿಮೆಯಾಗಿದೆಯೆಂದು ನಿನ್ನ ಅಕ್ಕ ಫೋನಿನಲ್ಲಿ ಹೇಳಿದರು. ನಿನಗೆ ಕೊಡಿ ಅನ್ನುವಷ್ಟರಲ್ಲಿ ಇಟ್ಟುಬಿಟ್ಟರು.

ಕಾರು ಇನ್ನು ರಿಪೇರಿಗೆ ಬರುವುದಿಲ್ಲ. ವಿಮಾ ಕಂಪನಿಯವರೂ ಪೂರ್ತಿ ನಷ್ಟವೆಂದು ಒಪ್ಪಿದ್ದಾರೆ. ಚೌಕಾಸಿ ಉಳಿದದ್ದು ಪರಿಹಾರ ಎಷ್ಟೆಂಬುದರಲ್ಲಿ. ಇವತ್ತು ಗ್ಯಾರೇಜಿನ ಹಿಂದೆ ನಷ್ಟ ಅಂದಾಜು ಮಾಡುವ ಅವರ ಸರ್ವೇಯರ್ ಸಿಕ್ಕಿದ. ಮುದುಡಿದ ಮುಂಭಾಗವನ್ನು ಅವನು ಹೆಚ್ಚು ನೋಡಲಿಲ್ಲ. ಹಿಂದೆ ಹೋಗಿ ಹಳೆಯ ನೆಗ್ಗುಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. “ಗಾಡಿ ಮೊದಲೇ ಸೊರಗಿತ್ತು ಸಾರ್. ಯಾರೋ ಮನಸ್ಸಿಗೆ ಬಂದ ಹಾಗೆ ಓಡಿಸಿದಾರೆ,” ಅಂದ. ಅದಕ್ಕೆಲ್ಲ ಬೆಲೆ ಇಳಿಸುತ್ತಾನಂತೆ.

ಎಲ್ಲಿತ್ತೋ ರೋಷ. ಬಾಗಿಲಿನದು ಆಸ್ಪತ್ರೆಯ ಇಕ್ಕಟ್ಟಿನ ಗೇಟಿನಲ್ಲಿ ಆದದ್ದು, ಹಿಂದಿನ ಸೀಟಿನಲ್ಲಿ ನಮ್ಮಪ್ಪ ಉಸಿರಿಗೆ ಒದ್ದಾಡುತ್ತಿದ್ದರು, ಅಂದೆ. ಬಂಪರಿನದು ಮಗಳ ಪರೀಕ್ಷೆಯ ಬೆಳಗಿನದು. “ಅದೇನು ಮಹಾ ಬಿಡ್ರಿ, ಒಂದು ಗೀರು! ನಮ್ಮ ಮನೆಯವಳಷ್ಟು ಹುಷಾರಾಗಿ ಓಡಿಸೋರನ್ನ ನಾನು ನೋಡೇ ಇಲ್ಲ,” ಎಂದು ಕೂಗಿದೆ. ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ನೋಡಿದರು. ಸರ್ವೇಯರ್ ನಕ್ಕ. “ಇದನ್ನ ಅವರ ಮುಂದೆ ಹೇಳಿದೀರಾ ಸಾರ್?” ಅಂದ. ಆಮೇಲೆ, ನೀವೂ ಓಡಿಸ್ತೀರಾ ಎಂದು ಕೇಳಿದ. ಸ್ಟೇರಿಂಗ್ ಹಿಡಿಯಲೂ ಬಾರದ ನಾನು ಬಂಪರಿನ ಧೂಳು ಒರೆಸತೊಡಗಿದೆ.

ಅದೇ ಬಾಗಿಲನ್ನು ಹಿಡಿದು ನಿನ್ನನ್ನು ಎಷ್ಟು ವರ್ಷ ಚುಚ್ಚಿದೆನೋ. ಕೊನೆಗೆ, ಲಾರಿಯೇ ಸಿಗ್ನಲ್ ದಾಟಿ ಬಂದದ್ದೆಂದು ಪೊಲೀಸರು ಬರೆದುಕೊಂಡ ಮೇಲೂ, ಆಸ್ಪತ್ರೆಯ ಮಂಚದ ಪಕ್ಕ ನಿಂತು ಕೇಳಿದೆ: ಬ್ರೇಕ್ ಯಾಕೆ ಹಾಕಲಿಲ್ಲ? ನೀನು ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದೆ.

ಇವತ್ತು ಬೆಲೆ ಏರಿತು. ನನ್ನ ಮಾತಿಗೋ, ಗಲಾಟೆಗೋ ತಿಳಿಯದು. ಅವನು ಹೋದ ಮೇಲೆ ಕಾರಿನೊಳಗೆ ಹತ್ತಿ ನನ್ನ ಜಾಗದಲ್ಲಿ ಕೂತೆ. ತಪ್ಪು ಹುಡುಕಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಅದನ್ನು ಗುಜರಿಯವರು ಎತ್ತಿಕೊಂಡು ಹೋಗುತ್ತಾರೆ. ಗಾಡಿ ನಿನ್ನ ಹೆಸರಿನಲ್ಲಿರುವುದರಿಂದ ಒಪ್ಪಿಗೆಗೆ ನೀನೇ ಖುದ್ದಾಗಿ ಬಂದು ಸಹಿ ಹಾಕಬೇಕು. ಕಂಪನಿಯ ನಿಯಮ. ಗ್ಯಾರೇಜಿನ ಹತ್ತಿರ ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಪಕ್ಕದ ಸೀಟಿನವನು

ಮತ್ತೆ: ಅಂಥ ನಿಯಮವೇನೂ ಇಲ್ಲ. ಅಂಚೆಯಲ್ಲಿ ಕಳಿಸಿದರೂ ಸಾಕೆಂದು ಸರ್ವೇಯರ್ ಹೇಳಿದ್ದ. ನೀನು ಸಹಿ ಹಾಕಬೇಕಾದ ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ.